ಹಳದಿ ಬಸ್ಸು, ಬೆಲ್ ಟೈಮು ಮತ್ತು ನಿಮ್ಮ ಸ್ಟಾಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಶಾಲೆ ಶುರುವಾದ ಮೇಲೆ ಅಮೆರಿಕದಲ್ಲಿರುವ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸ್ಕೂಲ್ ಬಸ್ಸಿನ ಬಗ್ಗೆಯೇ ಇವೆ. ನಾನು ಇಲ್ಲಿನ ಒಂದು ಸರ್ಕಾರಿ ಸ್ಕೂಲ್ ಡಿಸ್ಟ್ರಿಕ್ಟಿನ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಬಸ್ ಆಫೀಸಿನಲ್ಲಿ ರೂಟ್ ಹಾಕುವ ಕೆಲಸ ಮಾಡುತ್ತೇನೆ. ನೀವು ಸಿಟ್ಟಿನಿಂದ ಫೋನ್ ಮಾಡುತ್ತೀರಲ್ಲ, ಆ ಫೋನಿನ ಇನ್ನೊಂದು ತುದಿಯಲ್ಲಿ ಕೂತವಳು ನಾನು. ಅಲ್ಲಿಂದ ಏನು ಕಾಣುತ್ತದೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಈ ದೇಶದಲ್ಲಿ ಬಸ್ಸಿನ ನಿಯಮ ರಾಜ್ಯದಿಂದ ರಾಜ್ಯಕ್ಕೆ, ಡಿಸ್ಟ್ರಿಕ್ಟಿನಿಂದ ಡಿಸ್ಟ್ರಿಕ್ಟಿಗೆ ಬದಲಾಗುತ್ತದೆ. ನಿಮ್ಮ ಗೆಳತಿಯ ಊರಿನಲ್ಲಿ ನಡೆದದ್ದು ನಿಮ್ಮೂರಿನಲ್ಲಿ ನಡೆಯಬೇಕು ಅಂತೇನಿಲ್ಲ.

ಪ್ರಶ್ನೆ: ಮೇಡಂ, ನನ್ನ ಮಗಳು ಮೂರನೇ ಕ್ಲಾಸು. ಹೋದ ವರ್ಷ ಬಸ್ಸು ನಮ್ಮ ಮನೆ ಮುಂದೆಯೇ ನಿಲ್ಲುತ್ತಿತ್ತು. ಈ ವರ್ಷ ಸ್ಟಾಪನ್ನು ಎರಡು ಬೀದಿ ಆಚೆ ಹಾಕಿದ್ದಾರೆ. ಪಕ್ಕದ ಮನೆಯ ಹೈಸ್ಕೂಲ್ ಹುಡುಗನಿಗೆ ಬಸ್ಸೇ ಇಲ್ಲವಂತೆ, ಬೇಕಾದರೆ ದುಡ್ಡು ಕಟ್ಟಿ ಅಂತಾರೆ. ಇಷ್ಟು ಟ್ಯಾಕ್ಸ್ ಕಟ್ಟಿಯೂ ಹೀಗೇಕೆ?
– ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ಮೊದಲು ಪಕ್ಕದ ಮನೆಯ ಹುಡುಗನ ವಿಷಯ. ನಿಮ್ಮ ರಾಜ್ಯದ ಕಾನೂನಿನ ಪ್ರಕಾರ ಎಂಟನೇ ಕ್ಲಾಸಿನವರೆಗಿನ ಮಕ್ಕಳ ಮನೆ ಶಾಲೆಯಿಂದ 2 ಮೈಲಿಗಿಂತ ದೂರ ಇದ್ದರೆ ಡಿಸ್ಟ್ರಿಕ್ಟು ಬಸ್ಸು ಕೊಡಲೇಬೇಕು. ಹೈಸ್ಕೂಲಿಗೆ ಆ ಗೆರೆ 2.5 ಮೈಲಿ. ಗೆರೆಯ ಒಳಗಿದ್ದವರಿಗೆ ಕೊಟ್ಟರೆ ಅದು ಡಿಸ್ಟ್ರಿಕ್ಟಿನ ಔದಾರ್ಯ. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೇ, ಇಲ್ಲವೇ ದುಡ್ಡು ಕಟ್ಟಿ ಸೀಟು ತಗೊಳ್ಳಿ ಅನ್ನುತ್ತಾರೆ. ಈ ದೂರವನ್ನು ಹಕ್ಕಿ ಹಾರಿದ ಹಾಗೆ ಅಳೆಯುವುದಿಲ್ಲ, ರಸ್ತೆಯ ಮೇಲೆ ಅತಿ ಹತ್ತಿರದ ದಾರಿ ಹಿಡಿದು ಅಳೆಯುತ್ತಾರೆ. ನಿಮ್ಮ ಮನೆ ಗೆರೆಯ ಅಂಚಿನಲ್ಲಿದೆ ಅನ್ನಿಸಿದರೆ ಅಳತೆಯ ಪ್ರತಿ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಇನ್ನು ನಿಮ್ಮ ಸ್ಟಾಪು. ಒಂದು ಸ್ಟಾಪ್ ಅಂದರೆ ಏನೇನು ಕೆಲಸ ಅಂತ ನೋಡಿ. ಬಸ್ಸು ನಿಲ್ಲುವ ಮುಂಚೆ ಹಳದಿ ದೀಪ, ನಿಂತ ಮೇಲೆ ಕೆಂಪು ದೀಪ, ಪಕ್ಕದಿಂದ ಚಾಚುವ ಸ್ಟಾಪ್ ಬೋರ್ಡು, ಡ್ರೈವರ್ ಎರಡೂ ಕಡೆ ನೋಡಿ ಬಾಗಿಲು ತೆಗೆಯುವುದು, ಮಗು ಹತ್ತಿ ಸೀಟಿನಲ್ಲಿ ಕೂರುವವರೆಗೆ ಕಾಯುವುದು. ಒಂದೇ ಮಗು ಹತ್ತಲಿ, ಎಂಟು ಮಕ್ಕಳು ಹತ್ತಲಿ, ಇದಿಷ್ಟೂ ಆಗಲೇಬೇಕು. ಒಂದೇ ಬೀದಿಯಲ್ಲಿ ಮನೆಗೊಂದರಂತೆ ಆರು ಸ್ಟಾಪ್ ಇದ್ದರೆ ಆ ಬಸ್ಸು ಅಲ್ಲೇ ಐದಾರು ನಿಮಿಷ ಕಳೆದುಕೊಳ್ಳುತ್ತದೆ. ಆ ನಿಮಿಷಗಳು ಸುಮ್ನೆ ಮಾಯವಾಗುವುದಿಲ್ಲ, ಅದೇ ಬಸ್ಸಿಗೆ ಕಾಯುತ್ತಿರುವ ಮುಂದಿನ ಶಾಲೆಯ ಮಕ್ಕಳ ತಲೆಗೆ ಬೀಳುತ್ತವೆ. ಆದ್ದರಿಂದ ನಾವು ಸ್ಟಾಪುಗಳನ್ನು ಮೂಲೆಗೆ ಸೇರಿಸುತ್ತೇವೆ.

ಇನ್ನೂ ಎರಡು ಕಾರಣಗಳಿರುತ್ತವೆ, ಅವನ್ನು ಯಾರೂ ನಿಮಗೆ ಹೇಳಿರುವುದಿಲ್ಲ. ದೊಡ್ಡ ಬಸ್ಸು ಹತ್ತಿರ ಹತ್ತಿರ 40 ಅಡಿ ಉದ್ದ. ಮುಂದೆ ದಾರಿ ಮುಗಿಯುವ ಬೀದಿಗೆ ಹೋದರೆ ರಿವರ್ಸ್ ತೆಗೆಯಬೇಕು, ಮಕ್ಕಳು ಓಡಾಡುವ ಕಡೆ ಬಸ್ಸು ರಿವರ್ಸ್ ತೆಗೆಯುವುದನ್ನು ಯಾವ ಆಫೀಸೂ ಬಯಸುವುದಿಲ್ಲ. ಎರಡನೆಯದು, ವೇಗದ ರಸ್ತೆಯಲ್ಲಿ ಮಗು ರಸ್ತೆ ದಾಟಬಾರದು ಅಂತ ಬಸ್ಸಿನ ಬಾಗಿಲು ಇರುವ ಬಲಗಡೆಗೇ ಸ್ಟಾಪ್ ಹಾಕುತ್ತೇವೆ. ಮ್ಯಾಪಿನಲ್ಲಿ ನೋಡಿದರೆ ಸುತ್ತು ಹಾಕಿದ ಹಾಗೆ ಕಾಣುತ್ತದೆ, ನಿಜ.

ಸ್ಟಾಪ್ ಬದಲಾಯಿಸಿ ಅಂತ ಅರ್ಜಿ ಬರೆಯುವಾಗ 'ದೂರ' ಅನ್ನುವ ಪದ ಬಿಟ್ಟುಬಿಡಿ. ದೂರಕ್ಕೆ ನಮ್ಮ ಉತ್ತರ ಮೊದಲೇ ಟೈಪ್ ಆಗಿ ಕೂತಿರುತ್ತದೆ. ಅಪಾಯ ಏನು ಅಂತ ಬರೆಯಿರಿ: ಈ ಜಾಗದಿಂದ ಆ ಜಾಗದವರೆಗೆ ಫುಟ್‌ಪಾತ್ ಇಲ್ಲ, ತಿರುವಿನಿಂದಾಗಿ ಬರುವ ಕಾರು ಕಾಣುವುದಿಲ್ಲ, ವೇಗದ ಮಿತಿ ಇಷ್ಟು, ಬೆಳಿಗ್ಗೆ ಬೀದಿದೀಪ ಇಲ್ಲ. ಜೊತೆಗೆ ಬಸ್ ಬರುವ ಹೊತ್ತಿನಲ್ಲೇ ತೆಗೆದ ಫೋಟೋ ಇರಲಿ. ಅಂಥ ಅರ್ಜಿ ಬಂದರೆ ಯಾರಾದರೂ ಕಾರು ಹತ್ತಿ ಹೋಗಿ ನೋಡಿ ಬರುವ ಸಾಧ್ಯತೆ ಜಾಸ್ತಿ. ಮೊದಲ ಎರಡು ವಾರ ಕಳೆದ ಮೇಲೆ ಕಳಿಸಿ, ಆಗ ನಮಗೂ ಉಸಿರು ಬಿಡಲು ಜಾಗ ಇರುತ್ತದೆ.

ಪ್ರಶ್ನೆ: ಸಿನಿಮಾದಲ್ಲೆಲ್ಲ ಹಳದಿ ಬಸ್ ನೋಡಿದ್ದೆವು. ಬೇ ಏರಿಯಾಗೆ ಬಂದರೆ ನಮ್ಮ ಶಾಲೆಗೆ ಬಸ್ಸೇ ಇಲ್ಲ! ಬೆಳಿಗ್ಗೆ ಶಾಲೆ ಮುಂದೆ ಕಾರುಗಳ ಸಾಲು. ಯಾಕೆ?
– ಕ್ಯಾಲಿಫೋರ್ನಿಯಾದ ಓದುಗರು

ಉತ್ತರ: ಯಾಕೆಂದರೆ ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಮಕ್ಕಳಿಗೂ ಬಸ್ಸು ಕೊಡಲೇಬೇಕು ಅಂತ ಕಾನೂನು ಇಲ್ಲ. ವಿಶೇಷ ಶಿಕ್ಷಣದ ಯೋಜನೆಯಲ್ಲಿ ಬಸ್ಸು ಬರೆದಿರುವ ಮಕ್ಕಳಿಗೆ ಕೊಡಲೇಬೇಕು. ಮನೆ ಕಳೆದುಕೊಂಡ ಕುಟುಂಬಗಳ ಮಕ್ಕಳನ್ನು ಅವರ ಹಳೆಯ ಶಾಲೆಗೇ ಕರೆದೊಯ್ಯುವ ಜವಾಬ್ದಾರಿ ಫೆಡರಲ್ ಕಾನೂನಿನಿಂದಾಗಿ ಎಲ್ಲ ರಾಜ್ಯಗಳಲ್ಲೂ ಇದೆ. ಕೆಲಸ ಹೋಗಿ, ಬಾಡಿಗೆ ಕಟ್ಟಲಾಗದೆ ನೆಂಟರ ಮನೆಯಲ್ಲಿ ಉಳಿದವರಿಗೂ ಇದು ಅನ್ವಯಿಸುತ್ತದೆ, ನಮ್ಮವರು ನಾಚಿಕೆಯಿಂದ ಕೇಳುವುದೇ ಇಲ್ಲ. ದಯವಿಟ್ಟು ಕೇಳಿ. ಉಳಿದ ಮಕ್ಕಳ ವಿಷಯ ಡಿಸ್ಟ್ರಿಕ್ಟಿನ ಬಜೆಟ್ಟಿಗೆ ಬಿಟ್ಟದ್ದು. ಬದಲಾಗಬೇಕಾದರೆ ಸ್ಕೂಲ್ ಬೋರ್ಡಿನ ಸಭೆಯಲ್ಲಿ, ಬಜೆಟ್ ಮಾಡುವ ತಿಂಗಳುಗಳಲ್ಲಿ ಮಾತಾಡಬೇಕು. ಆಗಸ್ಟಿನಲ್ಲಿ ಮಾತಾಡಿದರೆ ಆ ವರ್ಷದ ಲೆಕ್ಕ ಮುಗಿದಿರುತ್ತದೆ.

ಪ್ರಶ್ನೆ: ಮಗನ ಹೈಸ್ಕೂಲು ಬೆಳಿಗ್ಗೆ 7:20ಕ್ಕೆ. ಬಸ್ಸು 6:25ಕ್ಕೇ ಬರುತ್ತದೆ. ಹುಡುಗ ತೂಕಡಿಸಿಕೊಂಡು ಹೋಗುತ್ತಾನೆ. ಹದಿಹರೆಯದವರಿಗೆ ನಿದ್ದೆ ಬೇಕು ಅಂತ ಡಾಕ್ಟರುಗಳೇ ಹೇಳುತ್ತಿದ್ದಾರೆ, ಆದರೂ ಶಾಲೆಯವರು ಕೇಳಲ್ಲ. ಬಸ್ಸಿಗಾಗಿ ಶಾಲೆಯೋ, ಶಾಲೆಗಾಗಿ ಬಸ್ಸೋ?
– ಒಬ್ಬ ತಂದೆ, ವರ್ಜೀನಿಯಾ

ಉತ್ತರ: ನೀವು ಹೇಳಿದ್ದು ಸರಿ. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಮಿಡ್ಲ್ ಸ್ಕೂಲು, ಹೈಸ್ಕೂಲು 8:30ಕ್ಕಿಂತ ಮುಂಚೆ ಶುರುವಾಗಬಾರದು ಅಂತ ಹೇಳಿದೆ. ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನು ಮಾಡಿ, 2022ರ ಜುಲೈಯಿಂದ ಹೈಸ್ಕೂಲಿಗೆ 8:30, ಮಿಡ್ಲ್ ಸ್ಕೂಲಿಗೆ 8:00 ಅಂತ ಜಾರಿಗೆ ತಂದಿತು, ಹಳ್ಳಿಗಾಡಿನ ಶಾಲೆಗಳಿಗೆ ವಿನಾಯಿತಿ ಕೊಟ್ಟು. ನನ್ನ ಮನಸ್ಸೂ ಅದರ ಕಡೆಗೇ. ಆದರೆ ಅದಕ್ಕೆ ಏನು ಬೆಲೆ ತೆರಬೇಕು ಅನ್ನುವುದು ನಿಮಗೂ ಗೊತ್ತಿರಬೇಕು.

ಹೆಚ್ಚಿನ ಡಿಸ್ಟ್ರಿಕ್ಟುಗಳಲ್ಲಿ ಒಂದು ಬಸ್ಸು ಬೆಳಿಗ್ಗೆ ಒಂದೇ ಟ್ರಿಪ್ ಮಾಡುವುದಿಲ್ಲ. ಮೊದಲು ಹೈಸ್ಕೂಲು, ಆಮೇಲೆ ಮಿಡ್ಲ್ ಸ್ಕೂಲು, ಕೊನೆಗೆ ಎಲಿಮೆಂಟರಿ. ಅದೇ ಬಸ್ಸು, ಅದೇ ಡ್ರೈವರು, ಮೂರು ಟ್ರಿಪ್. 7:20, 8:10, 9:00 ಅಂತ ಬೆಲ್ ಟೈಮ್ ಇಟ್ಟರೆ ಮಧ್ಯೆ ಸಿಗುವುದು 50 ನಿಮಿಷ. ಅಷ್ಟರಲ್ಲಿ ಶಾಲೆಯಲ್ಲಿ ಮಕ್ಕಳನ್ನು ಇಳಿಸಿ, ಖಾಲಿ ಬಸ್ಸು ಓಡಿಸಿಕೊಂಡು ಇನ್ನೊಂದು ಬಡಾವಣೆಗೆ ಹೋಗಿ, ಮತ್ತೆ ತುಂಬಿಸಿಕೊಂಡು ಬರಬೇಕು. ಮೂರೂ ಶಾಲೆಗಳನ್ನು 8:30ಕ್ಕೇ ಶುರು ಮಾಡಿದರೆ ಬಸ್ಸೂ ಡ್ರೈವರೂ ಹತ್ತಿರ ಹತ್ತಿರ ಮೂರು ಪಟ್ಟು ಬೇಕು. ಅಷ್ಟು ದುಡ್ಡು ಯಾರ ಹತ್ತಿರವೂ ಇಲ್ಲ. ದುಡ್ಡಿದ್ದರೂ ಡ್ರೈವರುಗಳಿಲ್ಲ. ಹಾಗಾದರೆ ಉಳಿಯುವ ದಾರಿ ಅದಲು ಬದಲು: ಹೈಸ್ಕೂಲು ತಡವಾಗಿ, ಚಿಕ್ಕ ಮಕ್ಕಳು ಮುಂಚೆ. ಆಗ ಡಿಸೆಂಬರಿನ ಕತ್ತಲಲ್ಲಿ ಸ್ಟಾಪಿನಲ್ಲಿ ನಿಲ್ಲುವವನು ನಿಮ್ಮ ಮಗನಲ್ಲ, ಬೇರೆಯವರ ಆರು ವರ್ಷದ ಮಗು.

ಬಾಸ್ಟನ್ನಿನಲ್ಲಿ ಇದೇ ಆಗಿದ್ದು. 2017ರಲ್ಲಿ ಎಂಐಟಿಯ ಸಂಶೋಧಕರು ಅಲ್ಲಿನ ಬಸ್ ರೂಟುಗಳನ್ನು ಕಂಪ್ಯೂಟರ್ ಲೆಕ್ಕದಿಂದ ಹೊಸದಾಗಿ ಹಾಕಿಕೊಟ್ಟರು. ಸುಮಾರು 50 ಬಸ್ಸು ಕಡಿಮೆಯಾಯಿತು, ಸುಮಾರು 50 ಲಕ್ಷ ಡಾಲರ್ ಉಳಿಯಿತು. ಎಲ್ಲರಿಗೂ ಖುಷಿ. ಅದೇ ವರ್ಷ ಡಿಸೆಂಬರಿನಲ್ಲಿ ಅದೇ ಥರದ ಲೆಕ್ಕದಿಂದ ಶಾಲೆಗಳ ಬೆಲ್ ಟೈಮನ್ನೂ ಬದಲಿಸಲು ಹೊರಟರು. ಹದಿಹರೆಯದವರಿಗೆ ನಿದ್ದೆ ಸಿಗಲಿ ಅನ್ನುವುದೇ ಉದ್ದೇಶವಾಗಿತ್ತು. ಆದರೆ ಕೆಲವು ಎಲಿಮೆಂಟರಿ ಶಾಲೆಗಳಿಗೆ ಬೆಳಿಗ್ಗೆ 7:15 ಬಂತು. ತಂದೆ ತಾಯಂದಿರು ರೊಚ್ಚಿಗೆದ್ದರು, ಅದೇ ತಿಂಗಳು ಯೋಜನೆಯನ್ನು ವಾಪಸ್ ತಗೊಂಡರು. ಲೆಕ್ಕ ತಪ್ಪಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೇ ಮನೆಗೆ ಬರುವ ಮಗುವನ್ನು ಯಾರು ನೋಡಿಕೊಳ್ಳಬೇಕು ಅನ್ನುವ ಪ್ರಶ್ನೆ ಆ ಲೆಕ್ಕದೊಳಗೆ ಹಿಡಿಸಿರಲಿಲ್ಲ.

ನಿಮ್ಮ ಬೋರ್ಡಿಗೆ ಹೋಗುವಾಗ ಒಬ್ಬರೇ ಹೋಗಬೇಡಿ, ಎಲಿಮೆಂಟರಿ ಮಕ್ಕಳ ತಂದೆ ತಾಯಂದಿರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರು ಒಪ್ಪಿದ ಯೋಜನೆ ಮಾತ್ರ ನಿಲ್ಲುತ್ತದೆ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್. ಎರಡು ದಿನ ಕೊಟ್ಟರೆ ಇದಕ್ಕಿಂತ ಒಳ್ಳೆ ರೂಟ್ ಹಾಕಿಕೊಡುತ್ತೇನೆ. ನಮ್ಮ ಬಸ್ಸು ದಿನಾ ಇಪ್ಪತ್ತು ನಿಮಿಷ ಲೇಟು. ಇಷ್ಟು ತಂತ್ರಜ್ಞಾನ ಇದ್ದೂ ಹೀಗಾ?
– ಓದುಗರು, ನಾರ್ತ್ ಕ್ಯಾರೊಲೈನಾ

ಉತ್ತರ: ರೂಟ್ ಹಾಕುವ ಸಾಫ್ಟ್‌ವೇರ್ ನಮ್ಮಲ್ಲೂ ಇದೆ, ದಿನಾ ಬಳಸುತ್ತೇವೆ. ಆದರೆ ಲೂಯಿವಿಲ್ ನಗರದ ಕಥೆ ಕೇಳಿ. ಕೆಂಟಕಿ ರಾಜ್ಯದ ದೊಡ್ಡ ಡಿಸ್ಟ್ರಿಕ್ಟ್ ಅದು. ಡ್ರೈವರುಗಳು ಸಾಲದೆ ಅವರು ಸುಮಾರು 730 ರೂಟುಗಳನ್ನು ಸುಮಾರು 600ಕ್ಕೆ ಇಳಿಸಿದರು. ಹೊರಗಿನ ಕಂಪನಿಯೊಂದರ ಸಾಫ್ಟ್‌ವೇರಿನಿಂದ ಹೊಸ ರೂಟು ಹಾಕಿಸಿದರು, ಬೆಲ್ ಟೈಮುಗಳನ್ನೂ ಬದಲಿಸಿದರು. 2023ರ ಆಗಸ್ಟ್ 9, ಶಾಲೆಯ ಮೊದಲ ದಿನ. ಕೊನೆಯ ಮಕ್ಕಳು ಬಸ್ಸಿಳಿದಾಗ ರಾತ್ರಿ ಹತ್ತು ಗಂಟೆಗೆ ಕೆಲವೇ ನಿಮಿಷ ಬಾಕಿ ಇತ್ತು. ಮರುದಿನದಿಂದ ಶಾಲೆಗಳನ್ನೇ ಮುಚ್ಚಿ, ಆಗಸ್ಟ್ 18ರಿಂದ ಹಂತ ಹಂತವಾಗಿ ತೆರೆದರು. ಮುಂದಿನ ಶಾಲಾ ವರ್ಷದಲ್ಲಿ ವಿಶೇಷ ವಿಷಯಗಳಿಗೆ ಒತ್ತು ಕೊಡುವ, ದೂರದಿಂದ ಮಕ್ಕಳು ಬರುವ ಮ್ಯಾಗ್ನೆಟ್ ಶಾಲೆಗಳಲ್ಲಿ ಹೆಚ್ಚಿನವಕ್ಕೆ ಬಸ್ಸನ್ನೇ ನಿಲ್ಲಿಸಬೇಕಾಯಿತು.

ಮ್ಯಾಪಿನಲ್ಲಿ ಸರಿ ಇರುವ ರೂಟು ರಸ್ತೆಯಲ್ಲಿ ಯಾಕೆ ಮುರಿಯುತ್ತದೆ? ಸಂಜೆಯ ಟ್ರಿಪ್ಪನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಮಕ್ಕಳು ಸ್ಟಾಪಿನಲ್ಲಿ ಕಾಯುತ್ತಿರುತ್ತಾರೆ, ಸಂಜೆ ಬಸ್ಸೇ ಶಾಲೆಯಲ್ಲಿ ಕಾಯಬೇಕು. ಮೊದಲ ವಾರ ಕಿಂಡರ್‌ಗಾರ್ಟನ್ ಮಗುವಿಗೆ ತನ್ನ ಬಸ್ಸಿನ ನಂಬರ್ ಗೊತ್ತಿರುವುದಿಲ್ಲ. ಟೀಚರ್ ಬ್ಯಾಗಿನ ಮೇಲಿನ ಚೀಟಿ ಓದಿ ಒಬ್ಬೊಬ್ಬರನ್ನಾಗಿ ಹತ್ತಿಸುತ್ತಾರೆ. ಆ ಚೀಟಿ ಹರಿದುಹೋಗಿದ್ದರೆ ಆಫೀಸಿಗೆ ಫೋನು. ಸ್ಟಾಪಿಗೆ ಬಂದರೆ ಕರೆದುಕೊಳ್ಳಲು ದೊಡ್ಡವರಿಲ್ಲ. ಹಾಗೆ ಬಿಟ್ಟು ಹೋಗುವ ಹಾಗಿಲ್ಲ, ಮಗುವನ್ನು ವಾಪಸ್ ಶಾಲೆಗೆ ಕರೆತರಬೇಕು. ಅಷ್ಟರಲ್ಲಿ ಎರಡನೇ ಶಾಲೆಯ ಅರವತ್ತು ಮಕ್ಕಳು ಅಂಗಳದಲ್ಲಿ ನಿಂತಿರುತ್ತಾರೆ. ಮೊದಲ ಟ್ರಿಪ್ಪಿನ ಹತ್ತು ನಿಮಿಷ ಮೂರನೇ ಟ್ರಿಪ್ಪಿನಲ್ಲಿ ಅರ್ಧ ಗಂಟೆಯಾಗಿರುತ್ತದೆ.

ಇದರ ಮೇಲೆ ಡ್ರೈವರುಗಳ ಕೊರತೆ. ಬೆಳಿಗ್ಗೆ ಮೂರು ಗಂಟೆ, ಮಧ್ಯಾಹ್ನ ಮೂರು ಗಂಟೆ, ನಡುವೆ ಸಂಬಳವಿಲ್ಲದ ಹೊತ್ತು. ಬೇಸಿಗೆ ರಜೆಯಲ್ಲಿ ಕೆಲಸವಿಲ್ಲ. ಅದೇ ಲೈಸೆನ್ಸಿನಲ್ಲಿ ಟ್ರಕ್ ಓಡಿಸಿದರೆ ಜಾಸ್ತಿ ಸಿಗುತ್ತದೆ. 2021ರ ಸೆಪ್ಟೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಗವರ್ನರ್ ಶಾಲಾ ವ್ಯಾನ್ ಓಡಿಸಲು ನ್ಯಾಷನಲ್ ಗಾರ್ಡ್ ಸೈನಿಕರನ್ನೇ ಕರೆಸಬೇಕಾಯಿತು. ನಿಮ್ಮ ಬಸ್ಸು ದಿನಾ ಅಷ್ಟೇ ಹೊತ್ತು ಲೇಟಾಗುತ್ತಿದ್ದರೆ, ಒಬ್ಬ ಡ್ರೈವರ್ ತನ್ನ ರೂಟ್ ಮುಗಿಸಿ ಆಮೇಲೆ ನಿಮ್ಮದಕ್ಕೆ ಬರುತ್ತಿರುವ ಸಾಧ್ಯತೆ ಇದೆ. ಆಫೀಸಿಗೆ ಫೋನ್ ಮಾಡಿ "ನಮ್ಮ ರೂಟಿಗೆ ಕಾಯಂ ಡ್ರೈವರ್ ಇದ್ದಾರಾ?" ಅಂತ ಕೇಳಿ. ಆ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ.

ನಿಮಗೆ ನಿಜವಾಗಿ ಸಹಾಯ ಮಾಡುವ ಮನಸ್ಸಿದ್ದರೆ ಒಂದು ಕೆಲಸವಿದೆ. ಬಸ್ಸಿಗೆ ಹೆಸರು ಕೊಟ್ಟು ಒಂದು ದಿನವೂ ಹತ್ತದ ಮಕ್ಕಳಿಂದಾಗಿ ನಮ್ಮ ಲೆಕ್ಕವೆಲ್ಲ ಹದಗೆಡುತ್ತದೆ. ಕಾರಿನಲ್ಲೇ ಬಿಡುವವರು ದಯವಿಟ್ಟು ಹೆಸರು ತೆಗೆಸಿ, ನಿಮ್ಮ ಬಡಾವಣೆಯ ಗುಂಪಿನಲ್ಲಿ ಉಳಿದವರಿಗೂ ಹೇಳಿ. ಯಾರೂ ಇಲ್ಲದ ಸ್ಟಾಪಿಗೂ ಬಸ್ಸು ಹೋಗಿ ನಿಂತು ಬರುತ್ತದೆ.

ಪ್ರಶ್ನೆ: ಮಗಳ ಮನೆಗೆ ಮೈಸೂರಿನಿಂದ ಬಂದಿದ್ದೇನೆ. ಮೊಮ್ಮಗ ಹೋಗುವ ದೊಡ್ಡ ಬಸ್ಸಿನಲ್ಲಿ ಸೀಟ್ ಬೆಲ್ಟೇ ಇಲ್ಲವಂತೆ. ಕಾರಿನಲ್ಲಿ ಬೆಲ್ಟ್ ಇಲ್ಲದಿದ್ದರೆ ದಂಡ ಹಾಕುವ ದೇಶದಲ್ಲಿ ಇದೇನಮ್ಮಾ? ನನಗಂತೂ ಅವನು ಮನೆಗೆ ಬರುವವರೆಗೂ ಜೀವದಲ್ಲಿ ಜೀವ ಇರುವುದಿಲ್ಲ.
– ಒಬ್ಬ ಅಜ್ಜಿ

ಉತ್ತರ: ಅಮ್ಮಾ, ನಿಮ್ಮ ಆತಂಕ ಸಹಜ. ಆದರೆ ರಸ್ತೆ ಸುರಕ್ಷತೆಯ ಫೆಡರಲ್ ಸಂಸ್ಥೆಯೇ ಹೇಳುವ ಪ್ರಕಾರ ಮಕ್ಕಳು ಶಾಲೆಗೆ ಹೋಗಲು ಕಾರಿಗಿಂತ ಈ ಬಸ್ಸು ಎಷ್ಟೋ ಪಟ್ಟು ಸುರಕ್ಷಿತ. ಬಸ್ಸು ಭಾರವಾಗಿದೆ, ಎತ್ತರವಾಗಿದೆ. 1977ರಿಂದ ಸೀಟುಗಳೂ ಬೇರೆ ಥರ: ಬೆನ್ನು ಎತ್ತರ, ಮುಂದೂ ಹಿಂದೂ ದಪ್ಪ ಮೆತ್ತೆ, ಸಾಲುಗಳು ಹತ್ತಿರ ಹತ್ತಿರ. ಜೋರಾಗಿ ಬ್ರೇಕ್ ಬಿದ್ದರೆ ಮಗು ಮುಂದಿನ ಸೀಟಿನ ಮೆತ್ತೆಗೆ ತಾಗಿ ನಿಲ್ಲುತ್ತದೆ. ಪಕ್ಕದಿಂದ ಗುದ್ದಿದಾಗ, ಬಸ್ಸು ಮಗುಚಿದಾಗ ಇದು ಸಾಲದು. ಅದಕ್ಕೇ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಟೆಕ್ಸಾಸ್‌ನಂಥ ಕೆಲವು ರಾಜ್ಯಗಳು ದೊಡ್ಡ ಬಸ್ಸಿನಲ್ಲೂ ಬೆಲ್ಟ್ ಬೇಕು ಅಂತ ಕಾನೂನು ಮಾಡಿವೆ. ಚಿಕ್ಕ ಬಸ್ಸುಗಳಲ್ಲಿ ದೇಶವಿಡೀ ಕಡ್ಡಾಯ. ಎಲ್ಲ ಬಸ್ಸಿನಲ್ಲೂ ಬರಬೇಕು ಅನ್ನುವುದೇ ನನ್ನ ಅಭಿಪ್ರಾಯ.

ಆದರೆ ನೀವು ಹುಷಾರಾಗಿರಬೇಕಾದ ಜಾಗ ಬಸ್ಸಿನ ಒಳಗಲ್ಲ, ಹೊರಗೆ. ಬಸ್ಸಿನ ಸುತ್ತ ಹತ್ತು ಅಡಿ ಅತ್ಯಂತ ಅಪಾಯದ ಜಾಗ. ಬಾನೆಟ್ಟಿನ ಮುಂದೆ ಬಿದ್ದ ಪೆನ್ಸಿಲ್ ಬಾಕ್ಸು ಎತ್ತಲು ಬಗ್ಗಿದ ಮಗು ಡ್ರೈವರಿಗೆ ಕಾಣುವುದಿಲ್ಲ. ಮುಂದಿನ ಬಂಪರಿನಿಂದ ಚಾಚುವ ಉದ್ದನೆಯ ಕೋಲು ನೋಡಿದ್ದೀರಲ್ಲ, ಮಗು ಅಷ್ಟು ದೂರ ಹೋಗಿಯೇ ದಾಟಲಿ ಅಂತ ಇಟ್ಟದ್ದು ಅದು. ಮೊಮ್ಮಗನಿಗೆ ಎರಡು ಮಾತು ಹೇಳಿಕೊಡಿ: ಏನೇ ಬಿದ್ದರೂ ಎತ್ತಲು ಹೋಗಬಾರದು, ಡ್ರೈವರಿಗೆ ಹೇಳಬೇಕು. ಡ್ರೈವರ್ ಕೈಸನ್ನೆ ಮಾಡುವವರೆಗೆ ರಸ್ತೆಗೆ ಕಾಲಿಡಬಾರದು. ನೀವು ಸ್ಟಾಪಿನ ಆಚೆ ಬದಿಯಲ್ಲಿ ನಿಂತು "ಬಾ ಬಾ" ಅಂತ ಕರೆಯಬೇಡಿ. ನಿಮ್ಮನ್ನು ನೋಡಿದ ಖುಷಿಯಲ್ಲಿ ಮಗು ಓಡಿಬಿಡುತ್ತದೆ. ಬಾಗಿಲಿನ ಕಡೆಗೇ ಹೋಗಿ ಕಾಯಿರಿ.

ಪ್ರಶ್ನೆ: ಎದುರಿನಿಂದ ಸ್ಕೂಲ್ ಬಸ್ ಬಂದು ನಿಂತರೆ ನಾನೂ ನಿಲ್ಲಬೇಕಾ? ಮಧ್ಯೆ ಡಿವೈಡರ್ ಇದ್ದರೆ?
– ಹೊಸದಾಗಿ ಲೈಸೆನ್ಸ್ ಪಡೆದವರು

ಉತ್ತರ: ಡಿವೈಡರ್ ಇಲ್ಲದ ಮಾಮೂಲಿ ಎರಡು ಲೇನಿನ ರಸ್ತೆಯಲ್ಲಿ ಕೆಂಪು ದೀಪ ಮಿನುಗುತ್ತಿದ್ದರೆ ಎರಡೂ ಕಡೆಯವರು ನಿಲ್ಲಲೇಬೇಕು, ಯಾವ ರಾಜ್ಯವಾದರೂ ಸರಿ. ಡಿವೈಡರ್ ಇದ್ದರೆ ಹೆಚ್ಚಿನ ರಾಜ್ಯಗಳಲ್ಲಿ ಎದುರು ಬದಿಯವರು ನಿಲ್ಲಬೇಕಿಲ್ಲ, ನ್ಯೂಯಾರ್ಕಿನಲ್ಲಿ ಆಗಲೂ ನಿಲ್ಲಬೇಕು. ರಾಜ್ಯ ದಾಟಿ ಕಾರು ಓಡಿಸುವವರು ಗೊಂದಲವಾದರೆ ನಿಂತುಬಿಡಿ. ನಿಂತ ಬಸ್ಸನ್ನು ದಾಟಿ ಹೋಗುವ ಪ್ರಕರಣಗಳು ಒಂದು ಶಾಲಾ ವರ್ಷದಲ್ಲಿ ಸುಮಾರು 4 ಕೋಟಿ ಅಂತ ರಾಜ್ಯಗಳ ಸ್ಕೂಲ್ ಬಸ್ ಅಧಿಕಾರಿಗಳ ರಾಷ್ಟ್ರೀಯ ಸಂಘ ಡ್ರೈವರುಗಳನ್ನು ಕೇಳಿ ಅಂದಾಜು ಮಾಡಿದೆ. ಈ ಅಂಕಿ ಓದಿದಾಗಲೆಲ್ಲ ನನಗೆ ಹೊಟ್ಟೆ ತೊಳಸುತ್ತದೆ. ಫೋನು ಕೆಳಗಿಡಿ, ಅಷ್ಟೇ.

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ ಆಟಿಸಂ ಇದೆ. ಐಇಪಿ (ಅಂಥ ಮಗುವಿಗಾಗಿ ಶಾಲೆಯಲ್ಲಿ ಬರೆದಿಡುವ ವಿಶೇಷ ಶಿಕ್ಷಣದ ಯೋಜನೆ) ಇದೆ. ದೊಡ್ಡ ಬಸ್ಸಿನ ಗಲಾಟೆ ಅವನಿಗೆ ತಡೆಯಲ್ಲ, ಹೋದ ತಿಂಗಳು ಬೆಲ್ಟ್ ಬಿಚ್ಚಿಕೊಂಡು ಎದ್ದುಬಿಟ್ಟ ಅಂತ ಮೂರು ದಿನ ಬಸ್ಸಿಗೆ ಬರಬೇಡ ಅಂದರು. ಬಸ್ ಆಫೀಸಿಗೆ ಎಷ್ಟು ಸಲ ಫೋನ್ ಮಾಡಿದರೂ ಆಗಲ್ಲ ಅಂತಾರೆ.
– ಒಬ್ಬ ತಾಯಿ, ಟೆಕ್ಸಾಸ್

ಉತ್ತರ: ತಂಗಿ, ಬಸ್ ಆಫೀಸಿಗೆ ಫೋನ್ ಮಾಡುವುದು ನಿಲ್ಲಿಸಿ. ಐಇಪಿ ತಂಡಕ್ಕೆ ಇವತ್ತೇ ಮೇಲ್ ಬರೆದು ಸಭೆ ಕರೆಯಲು ಕೇಳಿ. ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣಕ್ಕಾಗಿ ಇರುವ ಐಡಿಯಾ (IDEA) ಅನ್ನುವ ಫೆಡರಲ್ ಕಾನೂನಿನಲ್ಲಿ ಬಸ್ಸು ಕೂಡ ಮಗುವಿನ ಶಿಕ್ಷಣಕ್ಕೆ ಬೇಕಾದ ಸೇವೆಯೇ. ಅದು ಬೇಕು ಅಂತ ತಂಡ ತೀರ್ಮಾನಿಸಿದರೆ ಡಿಸ್ಟ್ರಿಕ್ಟು ಉಚಿತವಾಗಿ ಕೊಡಬೇಕು. ನನ್ನಂಥವರು ಕಾಗದದಲ್ಲಿ ಇರುವುದನ್ನೇ ಮಾಡುತ್ತೇವೆ, ಕಾಗದದಲ್ಲಿ ಇರುವುದನ್ನು ಮಾಡದೆ ಇರುವ ಹಾಗೂ ಇಲ್ಲ. ಅದಕ್ಕೇ 'ವಿಶೇಷ ಬಸ್ಸು ಬೇಕು' ಅಂತ ಒಂದು ಸಾಲು ಬರೆಸಿ ಸುಮ್ಮನಾಗಬೇಡಿ. ಚಿಕ್ಕ ಬಸ್ಸು, ಜೊತೆಗೆ ಒಬ್ಬ ಸಹಾಯಕಿ, ಬಿಚ್ಚಲು ಬಾರದ ಹಾರ್ನೆಸ್ (ಮೈಗೆ ಕಟ್ಟುವ ಪಟ್ಟಿ) ಬೇಕೋ ಬೇಡವೋ, ಬಸ್ಸಿನಲ್ಲಿ ಇರಬಹುದಾದ ಹೆಚ್ಚೆಂದರೆ ಎಷ್ಟು ನಿಮಿಷ, ಕಿವಿಗೆ ಹಾಕುವ ಹೆಡ್‌ಫೋನು, ಮನೆ ಬಾಗಿಲಿನವರೆಗೋ ಮೂಲೆಯವರೆಗೋ, ಕರೆದುಕೊಳ್ಳುವವರ ಹೆಸರು, ಎಲ್ಲವೂ ಬರಲಿ. ಡ್ರೈವರಿಗೆ ಮತ್ತು ಸಹಾಯಕಿಗೆ ಮಗುವಿನ ಬಗ್ಗೆ ತರಬೇತಿ ಕೊಡಬೇಕು ಅಂತಲೂ ಬರೆಸಿ. ಅವನು ಯಾವುದಕ್ಕೆ ಹೆದರುತ್ತಾನೆ, ಹೆದರಿದಾಗ ಏನು ಮಾಡಿದರೆ ಶಾಂತನಾಗುತ್ತಾನೆ ಅನ್ನುವುದನ್ನು ನೀವೇ ಒಂದು ಪುಟದಲ್ಲಿ ಬರೆದು ಕೊಡಿ. ಡ್ರೈವರುಗಳು ಅಂಥ ಪುಟವನ್ನು ಜೋಪಾನವಾಗಿ ಇಟ್ಟುಕೊಳ್ಳುವುದನ್ನು ನೋಡಿದ್ದೇನೆ.

ಇನ್ನೊಂದು ವಿಷಯ. ಐಇಪಿಯಲ್ಲಿ ಬಸ್ಸು ಸೇರಿದ್ದರೆ, ಮಗುವನ್ನು ಶಾಲೆಗೆ ಕರೆದೊಯ್ಯಲು ಬೇರೆ ವ್ಯವಸ್ಥೆ ಮಾಡದೆ ಬಸ್ಸಿನಿಂದ ದೂರ ಇಟ್ಟ ದಿನಗಳು ಶಾಲೆಯಿಂದಲೇ ಸಸ್ಪೆಂಡ್ ಮಾಡಿದ ದಿನಗಳ ಲೆಕ್ಕಕ್ಕೆ ಸೇರುತ್ತವೆ. ಆ ಮೂರು ದಿನದ್ದು ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ.

ಪ್ರಶ್ನೆ: ನನಗೆ 46. ಗ್ರೀನ್ ಕಾರ್ಡ್ ಇದೆ, ಮಕ್ಕಳು ಕಾಲೇಜಿಗೆ ಹೋದರು. ಸ್ಕೂಲ್ ಬಸ್ ಡ್ರೈವರ್ ಆಗಬೇಕು ಅಂತ ಆಸೆ. ಮನೆಯವರು ನಗುತ್ತಾರೆ. ಆಗುತ್ತದಾ?
– ಓದುಗರು, ಇಲಿನಾಯ್

ಉತ್ತರ: ಖಂಡಿತ ಆಗುತ್ತದೆ. ನಮ್ಮವರಲ್ಲಿ ಇನ್ನೂ ಹೆಚ್ಚು ಜನ ಈ ಕೆಲಸಕ್ಕೆ ಬರಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಬೇಕಾದದ್ದು ವಾಣಿಜ್ಯ ವಾಹನದ ಲೈಸೆನ್ಸು, ಅದರ ಮೇಲೆ ಪ್ರಯಾಣಿಕರದ್ದು ಮತ್ತು ಸ್ಕೂಲ್ ಬಸ್ಸಿನದ್ದು ಅಂತ ಎರಡು ಅನುಮತಿ. ವೈದ್ಯಕೀಯ ಪರೀಕ್ಷೆ, ಬೆರಳಚ್ಚು, ಹಿನ್ನೆಲೆ ತಪಾಸಣೆ ಇರುತ್ತದೆ. ಮಾದಕ ವಸ್ತುವಿನ ಪರೀಕ್ಷೆ ಸೇರುವಾಗಲೂ ಉಂಟು, ಆಮೇಲೆ ಹೇಳದೆ ಕೇಳದೆಯೂ ಉಂಟು. 2022ರ ಫೆಬ್ರವರಿಯಿಂದ ನೋಂದಾಯಿತ ತರಬೇತುದಾರರ ಹತ್ತಿರ ಕಲಿತಿರಬೇಕು ಅನ್ನುವ ನಿಯಮ ಬಂದಿದೆ. ಲರ್ನರ್ ಪರ್ಮಿಟ್ ಸಿಕ್ಕಿ ಕನಿಷ್ಠ 14 ದಿನ ಆದ ಮೇಲೆ ಡ್ರೈವಿಂಗ್ ಪರೀಕ್ಷೆ. ಎಷ್ಟೋ ಡಿಸ್ಟ್ರಿಕ್ಟುಗಳು ಸಂಬಳ ಕೊಟ್ಟು ತರಬೇತಿ ಕೊಡುತ್ತವೆ, ಸ್ವಂತ ದುಡ್ಡು ಹಾಕಿ ಖಾಸಗಿ ಶಾಲೆಗೆ ಸೇರುವ ಮುಂಚೆ ಅದನ್ನು ವಿಚಾರಿಸಿ.

ಹೊಸಬರನ್ನು ಹೆದರಿಸುವುದು ಓಡಿಸುವುದಲ್ಲ, ಓಡಿಸುವ ಮುಂಚಿನ ತಪಾಸಣೆ. ಕತ್ತಲಲ್ಲಿ ಟಾರ್ಚ್ ಹಿಡಿದು ಬಸ್ಸನ್ನು ಸುತ್ತು ಹಾಕಬೇಕು: ಟೈರು, ದೀಪ, ಕನ್ನಡಿ, ಸ್ಟಾಪ್ ಬೋರ್ಡು. ಹಿಂದಿನ ತುರ್ತು ಬಾಗಿಲು ತೆಗೆದರೆ ಬಜರ್ ಕೂಗಬೇಕು. ಆಮೇಲೆ ಏರ್ ಬ್ರೇಕ್. ಎಂಜಿನ್ ಆಫ್ ಮಾಡಿ ಪೆಡಲ್ ಒತ್ತಿ ಹಿಡಿದರೆ ಒಂದು ನಿಮಿಷದಲ್ಲಿ ಗಾಳಿಯ ಒತ್ತಡ 3 ಪೌಂಡಿಗಿಂತ ಜಾಸ್ತಿ ಇಳಿಯಬಾರದು. ಪರೀಕ್ಷೆಯಲ್ಲಿ ಇದನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳುತ್ತಾ ತೋರಿಸಬೇಕು. ಮನೆಯಲ್ಲಿ ಜೋರಾಗಿ ಹೇಳಿಕೊಂಡು ಅಭ್ಯಾಸ ಮಾಡಿ, ಬಂದುಬಿಡುತ್ತದೆ.

ಇಂಟರ್‌ವ್ಯೂನಲ್ಲಿ ನೀವೂ ಪ್ರಶ್ನೆ ಕೇಳಿ: ದಿನಕ್ಕೆ ಎಷ್ಟು ಗಂಟೆಯ ಸಂಬಳ ಖಾತ್ರಿ, ತಪಾಸಣೆಯ ಹೊತ್ತಿಗೂ ಸಂಬಳ ಇದೆಯಾ, ಹಿಮ ಬಿದ್ದು ಶಾಲೆ ರಜೆಯಾದರೆ ಏನು, ಆರೋಗ್ಯ ವಿಮೆ ಯಾವಾಗಿಂದ. ಶುರುವಿನಲ್ಲಿ ಕಾಯಂ ರೂಟ್ ಸಿಗುವುದಿಲ್ಲ, ಯಾರಾದರೂ ರಜೆ ಹಾಕಿದ ಕಡೆಗೆಲ್ಲ ಕಳಿಸುತ್ತಾರೆ. ಅದಕ್ಕೆ ಬೇಸರಪಡಬೇಡಿ, ಊರಿನ ರಸ್ತೆಗಳೆಲ್ಲ ಆ ತಿಂಗಳುಗಳಲ್ಲೇ ಗೊತ್ತಾಗುವುದು. ನಿಮ್ಮ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಉದ್ಯೋಗದ ಪುಟ ನೋಡಿ, ಈಗಲೂ ಜಾಗ ಖಾಲಿ ಇರುವ ಸಾಧ್ಯತೆಯೇ ಹೆಚ್ಚು.